ರಸಗಾಳಿ ತಿನ್ನುವ ಪೆಟ್ಟಿಗೆ

ಸೆಗೆಡ್
೨೧ ಆಗಸ್ಟ್ ೨೦೨೩

ಪಿರೋಷ್ಕಾ ಅತ್ತೆಗೆ,

ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ, ಮೊಬೈಲಿನಲ್ಲಿ ಬರೆದು ಕಳಿಸಿದರೆ ನೀವು ಓದುವುದಿಲ್ಲ. ಹಾಗಾಗಿ ಶಾಲೆ ಬಿಟ್ಟ ಮೇಲೆ ಮೊದಲ ಸಲ ಪೆನ್ನು ಹಿಡಿದು ಉದ್ದದ ಕಾಗದ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಬೈಯಬೇಡಿ.

ವಿಷಯಕ್ಕೇ ಬರುತ್ತೇನೆ. ನನಗೆ ನಿಮ್ಮ ನೆಲಮಾಳಿಗೆ ಬೇಕು.

ಕಾಗದ ಮಡಚಿ ಇಡಬೇಡಿ, ಅತ್ತೆ. ಆಂಬ್ರುಷ್ ಮಾವ ಅಲ್ಲೇ ಹೋದದ್ದನ್ನು ನಾನು ಮರೆತಿಲ್ಲ. ಮರೆಯದೇ ಇರುವುದಕ್ಕೇ ಕೇಳುತ್ತಿದ್ದೇನೆ. ದ್ರಾಕ್ಷಿರಸ ಪೀಪಾಯಿಯಲ್ಲಿ ಉಕ್ಕುವಾಗ ಏಳುತ್ತದಲ್ಲ, ನೀವೆಲ್ಲ ರಸಗಾಳಿ ಎನ್ನುವುದು, ಬಣ್ಣವಿಲ್ಲದೆ ಸದ್ದಿಲ್ಲದೆ ನೆಲದ ಮೇಲೆ ಮಲಗಿದ್ದು ಮಾವನ ಉಸಿರು ನಿಲ್ಲಿಸಿದ್ದು, ಅದು ಇಂಗಾಲದ ಡೈಆಕ್ಸೈಡ್. ಪಿಎಚ್‌.ಡಿ. ಮುಗಿದ ಮೇಲೆ ಈ ಲ್ಯಾಬಿನಲ್ಲಿ ನಾನು ಹಗಲೂ ಇರುಳೂ ಬೆನ್ನು ಹತ್ತಿರುವುದು ಅದನ್ನೇ.

ನನ್ನ ಹತ್ತಿರ ಎರಡು ಪೆಟ್ಟಿಗೆಗಳಿವೆ. ಮೊದಲನೆಯದು ಹಿಡಿಯುತ್ತದೆ. ಅದರೊಳಗಿನ ದ್ರವಕ್ಕೆ ಕರೆಂಟು ಹಾಯಿಸಿದರೆ ಈ ಗಾಳಿಗಾಗಿ ಬಾಯಾರಿ ಗಟಗಟ ಕುಡಿಯುತ್ತದೆ, ಕರೆಂಟನ್ನು ತಿರುಗಿಸಿದರೆ ಕುಡಿದದ್ದನ್ನೆಲ್ಲ ಕಕ್ಕುತ್ತದೆ. ಎರಡನೆಯದು ಅಡುಗೆ ಮಾಡುತ್ತದೆ. ಕಕ್ಕಿದ ಗಾಳಿಗೆ ತೆಳ್ಳನೆಯ ಲೋಹದ ಹಾಳೆಯ ಮೇಲೆ ನೀರು ಮತ್ತು ಕರೆಂಟು ಸೇರಿಸಿ ಫಾರ್ಮಿಕ್ ಆಮ್ಲ ಮಾಡಿಕೊಡುತ್ತದೆ. ಇರುವೆ ಕಚ್ಚಿದರೆ ಚುರ್ ಎನ್ನುತ್ತದಲ್ಲ, ಅದೇ. ನಿಮ್ಮ ಪಕ್ಕದ ಮನೆಯ ವೆಂಡೆಲ್ ಮಾಮ ಜೇನುಗೂಡಿನ ನುಸಿ ಕೊಲ್ಲಲು ಪೇಟೆಯಿಂದ ತರುವುದೂ ಅದನ್ನೇ! ಮಾವನನ್ನು ಕೊಂದ ಗಾಳಿ ವೆಂಡೆಲ್ ಮಾಮನ ಜೇನಿಗೆ ಔಷಧಿಯಾಗುತ್ತದೆ. ಇದನ್ನು ಬರೆಯುವಾಗಲೇ ಎದ್ದು ಕೋಣೆಯಲ್ಲಿ ಒಂದು ಸುತ್ತು ಹಾಕಿ ಬಂದೆ.

ಸಿಲಿಂಡರಿನ ಶುದ್ಧ ಗಾಳಿ ಕೊಟ್ಟರೆ ಯಾರ ಪೆಟ್ಟಿಗೆಯಾದರೂ ಓಡುತ್ತದೆ. ನಿಜವಾದ ಜಾಗದಲ್ಲಿ ಓಡಿಸಿ ತೋರಿಸು ಎಂದಿದ್ದಾರೆ ನಮ್ಮ ಪ್ರೊಫೆಸರ್ ತಾರ್ನೋಕ್. ನನ್ನ ಕೆಲಸದ ಅವಧಿ ಡಿಸೆಂಬರಿಗೆ ಮುಗಿಯುತ್ತದೆ. ಈ ಸುಗ್ಗಿಯಲ್ಲಿ ಗೆದ್ದರೆ ಮುಂದುವರಿಯುತ್ತದೆ, ಸೋತರೆ ಪೆಟ್ಟಿಗೆ ಮೂಲೆಗೆ, ನಾನು ಅಮ್ಮನ ಮನೆಗೆ. ದ್ರಾಕ್ಷಿ ವರ್ಷಕ್ಕೊಂದೇ ಸಲ ಹಣ್ಣಾಗುತ್ತದೆ, ಅತ್ತೆ.

ಅಂಚೆಯವನ ದಾರಿ ಕಾಯುತ್ತಾ,
ನಿಮ್ಮ ಅಣ್ಣನ ಮಗಳು
ಬೊರೋಕಾ


ಚೆರ್‌ಹೆಗಿ
೨೮ ಆಗಸ್ಟ್

ಬೊರೋಕಾ,

ಮಡಚಿ ಇಡಬೇಡಿ ಎಂದೆ, ಮಡಚಿಯೇ ಇಟ್ಟೆ. ಎರಡು ದಿನ ಸಕ್ಕರೆ ಡಬ್ಬಿಯ ಕೆಳಗಿತ್ತು. ಮೂರನೆಯ ದಿನ ಚಹಾಕ್ಕೆ ಸಕ್ಕರೆ ಬೇಕಾಯಿತು, ಮತ್ತೆ ಓದಿದೆ. ಡಾಕ್ಟರಾದ ಮೇಲೂ ಓದು ಮುಗಿಯದ ಡಾಕ್ಟರು ನಮ್ಮ ವಂಶದಲ್ಲಿ ನೀನೊಬ್ಬಳೇ.

ನಿನ್ನ ಮಾವ ಹೋದ ಮೇಲೆ ಈ ಮನೆಯಲ್ಲಿ ವೈನ್ ಮಾಡಿಲ್ಲ. ಹಣ್ಣು ಕೊಯ್ದ ದಿನವೇ ವ್ಯಾಪಾರಿಯ ಲಾರಿಗೆ ಹೋಗುತ್ತದೆ. ನೆಲಮಾಳಿಗೆಗೆ ಬೀಗ. ಅವತ್ತು ಸಂಜೆ ನೆಂಟರಿಗೆ ಹೊಸ ರಸದ ರುಚಿ ತೋರಿಸುತ್ತೇನೆಂದು ಪೀಪಾಯಿಯಿಂದ ರಸ ಹೀರಿ ತೆಗೆಯುವ ಗಾಜಿನ ನಳಿಗೆ ಹಿಡಿದು ಇಳಿದ. ಮೇಣದಬತ್ತಿ ತಗೊಂಡು ಹೋಗು, ರಸಗಾಳಿ ಇದ್ದರೆ ಆರುತ್ತದೆ ಎಂದೆ. "ನನ್ ನೆಲಮಾಳಿಗೆ ನನಗ್ ಗೊತ್ತಿಲ್ವಾ ಪಿರಿ, ಒಂದ್ ನಿಮಿಷ, ಬಂದೆ" ಎಂದ. ನೆಂಟರ ಲೋಟಗಳು ಮೇಜಿನ ಮೇಲೆ ಖಾಲಿಯೇ ಉಳಿದವು. ಆ ನಳಿಗೆ ಈಗಲೂ ಅಲ್ಲೇ ಗೋಡೆಗೆ ನೇತುಬಿದ್ದಿದೆ. ಯಾರೋ ಎತ್ತಿ ಹಾಕಿದ್ದಾರೆ, ನಾನು ಮುಟ್ಟಿಲ್ಲ.

ಬುಡಾಪೆಸ್ಟಿನಿಂದ ಒಬ್ಬ ಹಲ್ಲಿನ ಡಾಕ್ಟರು ನೆಲಮಾಳಿಗೆ ಕೊಳ್ಳುತ್ತೇನೆಂದು ದುಂಬಾಲು ಬಿದ್ದಿದ್ದಾನೆ. ಅಲ್ಲಿ ಪ್ರವಾಸಿಗರಿಗೆ ಮಲಗುವ ಕೋಣೆ, ಬಿಸಿನೀರಿನ ತೊಟ್ಟಿ ಮಾಡುತ್ತಾನಂತೆ. ನನ್ನ ಗಂಡ ಬಿದ್ದ ಜಾಗದಲ್ಲಿ ಆಸ್ಟ್ರಿಯದ ಹೆಂಗಸರು ಮೈ ನೆನೆಸಿಕೊಂಡು ಕೂರುತ್ತಾರೆ. ನವೆಂಬರಿನಲ್ಲಿ ಹೊಸ ವೈನ್ ರುಚಿ ನೋಡುವ ಸಂತ ಮಾರ್ಟಿನನ ಹಬ್ಬದೊಳಗೆ ಹೇಳುತ್ತೇನೆ ಎಂದಿದ್ದೇನೆ.

ನಿನ್ನ ಕಾಗದವನ್ನು ವೆಂಡೆಲನಿಗೂ ಓದಿ ಹೇಳಿದೆ. "ಒಂದ್ ಫ್ಯಾನ್ ಇಟ್ರೆ ಸಾಲ್ದಾ?" ಎಂದು ನನ್ನ ಕಿವಿಗೆ ಬಾಯಿಟ್ಟು ಕೂಗಿದ. ನನಗೂ ಅದೇ ಅನಿಸಿತು, ಆದರೆ ಜೇನಿನ ಔಷಧಿಯ ಮಾತು ಬಂದಾಗ ಆತನ ಕಿವಿ ನೆಟ್ಟಗಾಯಿತು.

ಈ ವರ್ಷದ ಹಣ್ಣು ಮಾರುವುದಿಲ್ಲ. ಆದರೆ ಒಂದು ಮಾತು. ರಸ ಪೂರ್ತಿ ಉಕ್ಕುತ್ತಿರುವಾಗ ತಳದ ಕೋಣೆಯ ನೆಲದ ಮೇಲೆ ಮೇಣದಬತ್ತಿ ಇಡಬೇಕು. ಅದು ಉರಿದರೆ ನಾನೇ ಇಳಿಯುತ್ತೇನೆ, ನೆಲಮಾಳಿಗೆ ನಮ್ಮದಾಗಿಯೇ ಉಳಿಯುತ್ತದೆ. ಆರಿದರೆ ಮಾರ್ಟಿನನ ಹಬ್ಬಕ್ಕೆ ಬೀಗದಕೈ ಹಲ್ಲಿನವನ ಕೈಗೆ.

ಊಟ ಸರಿಯಾಗಿ ಮಾಡು.
ಪಿರೋಷ್ಕಾ ಅತ್ತೆ


ಸೆಗೆಡ್
೪ ಸೆಪ್ಟೆಂಬರ್

ಅತ್ತೆ! ಅತ್ತೆ! ಅತ್ತೆ!

ಲ್ಯಾಬಿನಲ್ಲಿ ನಿಮ್ಮ ಕಾಗದವನ್ನು ಗಟ್ಟಿಯಾಗಿ ಓದಿದೆ. ಪ್ರೊಫೆಸರ್ ತಾರ್ನೋಕ್ ಮುಗುಳ್ನಕ್ಕರು, ವರ್ಷಕ್ಕೆರಡು ಸಲ ನಗುವ ಮನುಷ್ಯ!

ವೆಂಡೆಲ್ ಮಾಮನಿಗೆ ಹೇಳಿ: ಫ್ಯಾನು ಗಾಳಿಯನ್ನು ಹೊರಗೆ ತಳ್ಳುತ್ತದೆ, ಊರಿನ ಆಕಾಶಕ್ಕೆ ಬಿಟ್ಟು ಕೈತೊಳೆದುಕೊಳ್ಳುತ್ತದೆ. ನನಗೆ ಅದು ಬೇಕು. ಒಂದು ಬೊಗಸೆಯಷ್ಟೂ ಬಿಡಲಾರೆ.

ಒಂದೇ ಬೇಡಿಕೆ. ಪೀಪಾಯಿ ತೊಳೆದ ಮೇಲೆ ಎಲ್ಲರ ಹಾಗೆ ಗಂಧಕದ ಪಟ್ಟಿ ಸುಡಬೇಡಿ, ನೆಲಮಾಳಿಗೆಯಲ್ಲೂ ಸುಡಬೇಡಿ. ಆ ಹೊಗೆ ನನ್ನ ಲೋಹದ ಹಾಳೆಗೆ ವಿಷ. ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದರೆ ಸಾಕು. ಉಳಿದಂತೆ ನಿಮ್ಮ ಮನಸ್ಸಿಗೆ ಬಂದ ಹಾಗೆ ಚೊಕ್ಕ ಮಾಡಿ.

ಕಾಲು ನೆಲದ ಮೇಲೆ ನಿಲ್ಲದ
ಬೊರೋಕಾ


ಚೆರ್‌ಹೆಗಿ
೧೮ ಸೆಪ್ಟೆಂಬರ್

ಬೊರೋಕಾ,

ಗಂಧಕ ಸುಡಲಿಲ್ಲ. ಊರಿನವರಿಗೆ ಗೊತ್ತಾದರೆ ಪಿರೋಷ್ಕಾಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಇಷ್ಟು ವರ್ಷದ ಬೂಷ್ಟು ಹಿಡಿದ ಗೋಡೆಗೆ ನಿನ್ನ ಪ್ರೊಫೆಸರ್ ಬಂದು ಒರಗಿದರೆ ನನ್ನ ಮಾನ ಹೋಗುವುದಿಲ್ಲವೇ? ಗಂಧಕ ಬೇಡವಾದರೆ ಸುಣ್ಣ. ವೆಂಡೆಲನಿಂದ ಸುಣ್ಣದ ಕಲ್ಲು ತರಿಸಿ, ಹೊಂಡದಲ್ಲಿ ಅರಳಿಸಿ, ಗೋಡೆ, ಚಾವಣಿ, ಮೂಲೆಮೂಲೆಗೂ ಒಂದರ ಮೇಲೊಂದು ದಪ್ಪನೆಯ ಕೈ ಹೊಡೆಸಿದ್ದೇನೆ. ವೆಂಡೆಲ್ ಮತ್ತು ಆತನ ಅಳಿಯ ಹೊಡೆದರು, ನಾನು ಹೊರಗೆ ಹುಲ್ಲಿನ ಮೇಲೆ ನಿಂತು ಬೈಯುತ್ತಿದ್ದೆ. ಮದುವೆ ಮನೆಯ ಹಾಗೆ ಬೆಳಗುತ್ತಿದೆಯಂತೆ. ನೀನು ಬಂದು ನೋಡು, ನಾನು ಬಾಗಿಲಿನಿಂದಾಚೆ ಕಾಲಿಟ್ಟಿಲ್ಲ.

ನಮ್ಮ ಕೆಂಪು ದ್ರಾಕ್ಷಿ, ಕಾದರ್ಕಾ, ಹಣ್ಣಾಗಿ ಕಪ್ಪಗಾಗಿದೆ. ಶನಿವಾರ ಕೊಯ್ಲು. ಎಲೆಕೋಸಿನ ಸುರುಳಿ ಮಾಡಿಡುತ್ತೇನೆ, ಡಬ್ಬಿ ತೆಗೆದುಕೊಂಡು ಬಾ.

ಅತ್ತೆ


ಸೆಗೆಡ್
೨ ಅಕ್ಟೋಬರ್

ಪ್ರೀತಿಯ ಅತ್ತೆ,

ಎಲೆಕೋಸಿನ ಸುರುಳಿ ಮುಗಿದವು. ಡಬ್ಬಿ ಅಂಚೆಯಲ್ಲಿ ಬರುತ್ತದೆ. ಆದರೆ ಈಗ ಕೂತುಕೊಳ್ಳಿ, ದಯವಿಟ್ಟು ಕೂತುಕೊಂಡು ಓದಿ.

ಪೆಟ್ಟಿಗೆಗಳನ್ನು ತಳದ ಕೋಣೆಯಲ್ಲಿ ಇಟ್ಟು, ಪೈಪಿನ ಬಾಯಿಯನ್ನು ನೆಲಕ್ಕೆ ತಾಗಿಸಿ, ಕರೆಂಟು ಕೊಟ್ಟು ನಾನು ಬಂದೆನಲ್ಲ, ಅಲ್ಲಿಂದ ಅಂಕಿಗಳು ಇಲ್ಲಿಯ ಪರದೆಗೆ ಬರುತ್ತಲೇ ಇವೆ. ಪೀಪಾಯಿಯ ರಸದಲ್ಲಿ ಎಷ್ಟು ಸಕ್ಕರೆ ಕಡಿಮೆಯಾಯಿತೆಂದು ನೋಡಿದರೆ ಎಷ್ಟು ಗಾಳಿ ಎದ್ದಿರಬೇಕೆಂದು ಗೊತ್ತಾಗುತ್ತದೆ. ಆ ಗಾಳಿ ನೆಲಮಾಳಿಗೆಯಲ್ಲಿ ಇಲ್ಲವೇ ಇಲ್ಲ! ಪೂರ್ತಿ ಉಕ್ಕುತ್ತಿದ್ದ ದಿನವೇ ಬಂದು ನೆಲದ ಮೇಲೆ ಮೇಣದಬತ್ತಿ ಇಟ್ಟೆನಲ್ಲ, ಅದು ಮದುಮಗಳ ಹಾಗೆ ನೆಟ್ಟಗೆ ನಿಂತು ಉರಿಯಿತು. ನೀವು ಹೊರಗೆ ಬೆನ್ನು ತಿರುಗಿಸಿ ನಿಂತಿದ್ದಿರಿ, ಇಲ್ಲದಿದ್ದರೆ ನೋಡುತ್ತಿದ್ದಿರಿ.

ಇನ್ನೂ ದೊಡ್ಡ ವಿಷಯ ಬೇರೆ ಇದೆ. ನಾವು ಕೊಟ್ಟ ಕರೆಂಟಿಗೆ ಪೆಟ್ಟಿಗೆ ಇಷ್ಟೇ ಗಾಳಿ ತಿನ್ನಬೇಕು ಎಂದು ಲೆಕ್ಕವಿದೆ. ಯಾರೂ ಅದನ್ನು ಮೀರಿಲ್ಲ. ನಮ್ಮದು ಅದರ ಒಂದೂವರೆಪಟ್ಟಿಗಿಂತ ಹೆಚ್ಚು ತಿಂದಿದೆ! ಪ್ರೊಫೆಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೇಳಿದರು, "ಆಮ್ಲ ಎಷ್ಟ್ ಬಂತು?" ಕರೆಂಟಿನ ಲೆಕ್ಕದಷ್ಟೇ ಬಂದಿದೆ ಎಂದೆ. "ಹಾಗಾದ್ರೆ ಮಿಕ್ಕಿದ್ದು ಎಲ್ಲಿ ಹೋಯ್ತು ಬೊರೋಕಾ?" ಯಾವುದೋ ಹೊಸ ರೂಪದಲ್ಲಿ ಪೆಟ್ಟಿಗೆಯೊಳಗೇ ಕೂತಿರಬೇಕು ಎಂದೆ. ಅವರು ಹ್ಞೂಂ ಎಂದರು. ಆ ಹ್ಞೂಂ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ವಯಸ್ಸಾದವರಿಗೆ ಹೊಸತನ್ನು ನಂಬಲು ಹೊತ್ತು ಹಿಡಿಯುತ್ತದೆ.

ತಿಂಗಳ ಮಧ್ಯದಲ್ಲಿ ಇಡೀ ವಿಭಾಗದ ಮುಂದೆ ಇದನ್ನು ಹೇಳಲಿದ್ದೇನೆ. ರಾತ್ರಿ ನಿದ್ದೆ ಬರುತ್ತಿಲ್ಲ, ಬೇಕೂ ಇಲ್ಲ.

ನಿಮ್ಮ
ಬೊರೋಕಾ

ಮರೆತಿದ್ದೆ: ನೆಲಮಾಳಿಗೆಯಲ್ಲಿ ಅಳತೆಯ ಯಂತ್ರವೊಂದನ್ನು ತೂಗುಹಾಕಿದ್ದೇನೆ. ಗಾಳಿ ಕೆಟ್ಟರೆ ಮೇಣದಬತ್ತಿಗಿಂತ ಮುಂಚೆಯೇ ಅದು ಕೂಗುತ್ತದೆ.


ಚೆರ್‌ಹೆಗಿ
೧೧ ಅಕ್ಟೋಬರ್

ನನ್ನ ಬಂಗಾರ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಅಂಗಡಿಯಲ್ಲಿ ಹೇಳಿದೆ, ಚರ್ಚಿನ ಮುಂದೆ ಹೇಳಿದೆ, ಕೇಳದವರಿಗೂ ಹೇಳಿದೆ. ಕಿವುಡಿಯಾಗಿರುವುದರ ಸುಖ ಇದು, ಅವರು ಸಾಕು ಎಂದರೂ ಕೇಳಿಸುವುದಿಲ್ಲ.

ಕೆಂಪು ದ್ರಾಕ್ಷಿಯ ಎರಡನೆಯ ಪೀಪಾಯಿಯನ್ನೂ ಶನಿವಾರ ತುಂಬಿಸಿದೆವು. ಬಾಗಿಲ ಬಳಿ ನಿಂತರೆ ಅದು ಒಳಗೆ ಕುದಿಯುವ ಕಂಪು ಮೂಗಿಗೆ ಬಡಿಯುತ್ತದೆ. ಎಷ್ಟು ವರ್ಷವಾಗಿತ್ತು ಆ ಕಂಪು ಕುಡಿದು! ಸುಣ್ಣವಂತೂ ನೋಡಬೇಕು. ಬಾಗಿಲ ಪಕ್ಕದ ಗೋಡೆಗೆ ಕೈಯಿಟ್ಟೆ, ಬೆರಳಿಗೆ ಒಂದಿಷ್ಟೂ ಹತ್ತಲಿಲ್ಲ. ನಿನ್ನ ಮಾವ ಸುಣ್ಣ ಹೊಡೆಸಿದಾಗ ತಿಂಗಳುಗಟ್ಟಲೆ ಕೋಟಿಗೆಲ್ಲ ಬಿಳಿ ಮೆತ್ತುತ್ತಿತ್ತು. ಇದು ಮೂರೇ ವಾರದಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿದೆ. ವೆಂಡೆಲ್ ತಂದದ್ದು ಒಳ್ಳೆಯ ಸುಣ್ಣವಿರಬೇಕು, ಆದರೆ ಆತನಿಗೆ ಹೇಳಿಲ್ಲ, ತಲೆಗೇರುತ್ತದೆ.

ಈಗ ಕೇಳು. ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ನಾನು ಇಳಿಯುತ್ತೇನೆ. ಒಬ್ಬಳೇ. ಮೇಣದಬತ್ತಿಯೂ ಬೇಡ, ವೆಂಡೆಲನೂ ಬೇಡ, ನಿನ್ನ ಪೆಟ್ಟಿಗೆ ಇದೆಯಲ್ಲ. ಆಂಬ್ರುಷನ ಹತ್ತಿರ ಎರಡು ಮಾತು ಆಡುವುದಿದೆ, ಅದಕ್ಕೆ ಸಾಕ್ಷಿ ಬೇಡ.

ಒಂದು ಸಣ್ಣ ವಿಷಯ. ಒಳಗೆ ಏನೋ ಕೀಚ್ ಕೀಚ್ ಎನ್ನುತ್ತಿದೆ ಎಂದು ವೆಂಡೆಲ್ ಹೇಳುತ್ತಾನೆ. ನನಗೇನೂ ಕೇಳಲಿಲ್ಲ. ಇಲಿ ಹೊಕ್ಕಿರಬೇಕು. ಇಳಿದಾಗ ಬೋನು ಇಟ್ಟು ಬರುತ್ತೇನೆ.

ಮುದ್ದಿನ
ಅತ್ತೆ


ಸೆಗೆಡ್
೧೪ ಅಕ್ಟೋಬರ್, ಶನಿವಾರ

ಅತ್ತೆ, ಇಳಿಯಬೇಡಿ.

ಈ ಕಾಗದ ಸೋಮವಾರಕ್ಕೆ ಮುಂಚೆ ನಿಮಗೆ ಸಿಗುವುದಿಲ್ಲವೆಂದು ಗೊತ್ತು, ಆದರೂ ಕೈ ಬರೆಯದೆ ಕೇಳುತ್ತಿಲ್ಲ. ಈಗಷ್ಟೇ ವೆಂಡೆಲ್ ಮಾಮನಿಗೆ ಫೋನ್ ಮಾಡಿ ಕಿರುಚಿದ್ದೇನೆ. "ಆ ಹೆಂಗಸು ನನ್ ಮಾತು ಯಾವತ್ತಾದ್ರೂ ಕೇಳಿದ್ಲೇನಮ್ಮಾ?" ಎಂದರು. ಕೇಳದಿದ್ದರೆ ಬಾಗಿಲಿಗೆ ಅಡ್ಡ ಕೂತುಬಿಡಿ ಎಂದೆ.

ಅದು ಇಲಿ ಅಲ್ಲ. ಅಳತೆಯ ಯಂತ್ರ ಕೂಗುತ್ತಿರುವುದು. ನಿಮಗೆ ಕಿವಿ ಕೇಳಿಸುವುದಿಲ್ಲ ಎನ್ನುವುದಕ್ಕೇ ಈ ಕಾಗದಗಳನ್ನೆಲ್ಲ ಬರೆಯುತ್ತಿರುವ ನಾನು, ನಿಮ್ಮ ಮನೆಗೆ ಕೂಗುವ ಯಂತ್ರ ತಂದು ತೂಗುಹಾಕಿದೆ. ಭಾಷಣದ ತಯಾರಿಯಲ್ಲಿ ಮುಳುಗಿ ಈ ವಾರ ಪರದೆಯನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಇವತ್ತು ನಿಮ್ಮ ಕಾಗದದಲ್ಲಿ "ಕಲ್ಲಿನ ಹಾಗೆ ಗಟ್ಟಿಯಾಗಿದೆ" ಎಂಬಲ್ಲಿಗೆ ಬಂದಾಗ ಓಡಿಹೋಗಿ ಪರದೆ ನೋಡಿದೆ.

ಸುಣ್ಣ, ಅತ್ತೆ. ಸುಣ್ಣ! ಹಸಿ ಸುಣ್ಣ ಗಟ್ಟಿಯಾಗುವುದೇ ಈ ಗಾಳಿಯನ್ನು ಕುಡಿದು. ಮಾವನ ಕಾಲದಲ್ಲಿ ಬೇಸಿಗೆಯಲ್ಲಿ ಹೊಡೆಸುತ್ತಿದ್ದರು, ಸಾಮಾನ್ಯ ಗಾಳಿಯಲ್ಲಿ ಅದು ಎಷ್ಟಿದ್ದೀತು, ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಈ ಸಲ ಉಕ್ಕುವ ಪೀಪಾಯಿಯ ಪಕ್ಕದಲ್ಲೇ ನೀವು ಗೋಡೆ ತುಂಬಾ ಬಾಯಿ ತೆರೆದ ಸುಣ್ಣ ಹಚ್ಚಿಸಿಟ್ಟಿದ್ದಿರಿ. ಮಿಕ್ಕಿದ್ದು ಎಲ್ಲಿ ಹೋಯಿತು ಎಂದು ಪ್ರೊಫೆಸರ್ ಕೇಳಿದರಲ್ಲ, ನಾನು ಬೆನ್ನು ಒರಗಿಸಿ ನಿಂತಿದ್ದ ಗೋಡೆಯೊಳಕ್ಕೆ ಹೋಯಿತು. ಮೇಣದಬತ್ತಿ ಉರಿದದ್ದು ನನ್ನ ಪೆಟ್ಟಿಗೆಯಿಂದಲ್ಲ, ಪೆಟ್ಟಿಗೆ ಮತ್ತು ಗೋಡೆ ಎರಡೂ ಸೇರಿ ತಿಂದದ್ದರಿಂದ. ಈಗ ಗೋಡೆಯ ಹೊಟ್ಟೆ ತುಂಬಿದೆ. ಪೆಟ್ಟಿಗೆ ಒಂಟಿ. ಎರಡನೆಯ ಪೀಪಾಯಿ ಉಕ್ಕುತ್ತಿದೆ.

ಯೇಸುವೇ, ವೆಂಡೆಲ್ ಮಾಮ ಬಾಗಿಲು ಬಿಡದಿರಲಿ.

ಬೊರೋಕಾ


ಚೆರ್‌ಹೆಗಿ
೧೭ ಅಕ್ಟೋಬರ್

ಬೊರೋಕಾ,

ಬದುಕಿದ್ದೇನೆ, ಹೆದರಬೇಡ. ಆದರೆ ಕೋಪ ಬಂದಿದೆ.

ಭಾನುವಾರ ಕರಿಯ ಪಾವಡೆ ಉಟ್ಟು, ತಲೆಗೆ ಹೊಸ ವಸ್ತ್ರ ಕಟ್ಟಿಕೊಂಡು ಹೋದರೆ ಆ ಮನುಷ್ಯ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಏಳು ಎಂದೆ. ತಲೆಯಾಡಿಸಿದ. ಕೊಡೆಯಿಂದ ತಿವಿದೆ. ಏಳಲಿಲ್ಲ. ಕೊನೆಗೆ ಜೇಬಿನಿಂದ ಮೇಣದಬತ್ತಿ ತೆಗೆದು, ಹೊತ್ತಿಸಿ, ಡಬ್ಬಿಯಲ್ಲಿಟ್ಟು, ದಾರ ಕಟ್ಟಿ, ನನ್ನ ಕಣ್ಣೆದುರೇ ಕೆಳಗೆ ಬಿಟ್ಟ. ನೆಲ ಮುಟ್ಟುವ ಮೊದಲೇ ಆರಿತು. ಊದಿದವರಿಲ್ಲ, ಗಾಳಿ ಬೀಸಲಿಲ್ಲ, ಸುಮ್ಮನೆ ಇಲ್ಲವಾಯಿತು.

ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತೆ. ಆಂಬ್ರುಷ್ ಸತ್ತಾಗ ಊರಿನವರ ಮುಂದೆ ಅತ್ತಿರಲಿಲ್ಲ, ಮೊನ್ನೆ ಅತ್ತೆ. ಅವನಿಗೂ ಹೀಗೇ ಆಗಿರಬೇಕು ಎಂದು ಇಷ್ಟು ವರ್ಷದ ಮೇಲೆ ಕಣ್ಣಾರೆ ಕಂಡ ಹಾಗಾಯಿತು. ವೆಂಡೆಲ್ ತನ್ನ ಕೋಟು ತೆಗೆದು ಹೆಗಲಿಗೆ ಹೊದಿಸಿದ. ಜೇನುಮೇಣದ ವಾಸನೆ ಬರುತ್ತಿತ್ತು.

ನಿನ್ನನ್ನು ಬೈಯಬೇಕೆಂದು ಕೂತರೆ, ನನ್ನ ಸುಣ್ಣವೂ ಎದುರಿಗೆ ಬಂದು ನಿಲ್ಲುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಮಂಕುಬೂದಿ ಎರಚಿಕೊಂಡೆವು. ಆದರೆ ನೀನು ಓದಿದವಳು, ನಿನ್ನ ಪಾಲು ದೊಡ್ಡದು.

ಹಲ್ಲಿನ ಡಾಕ್ಟರಿಗೆ ಕಾಗದ ಬರೆದಿದ್ದೇನೆ. ಇನ್ನೂ ಅಂಚೆಗೆ ಹಾಕಿಲ್ಲ. ಮೇಲಿನ ತೋಟದಲ್ಲಿ ತಡವಾಗಿ ಹಣ್ಣಾಗುವ ಬಿಳಿ ದ್ರಾಕ್ಷಿ ಉಳಿದಿದೆ, ಒಂದು ಪೀಪಾಯಿಗೆ ಸಾಕಾಗುವಷ್ಟು. ಗೋಡೆಯ ಸಹಾಯವಿಲ್ಲದೆ ನಿನ್ನ ಪೆಟ್ಟಿಗೆಯೊಂದರಿಂದಲೇ ಆಗುತ್ತದೆಯೇ? ಆಗುತ್ತದೆ ಅಥವಾ ಇಲ್ಲ ಎಂದು ಬರೆ. ಪ್ರೊಫೆಸರರ ಭಾಷೆ ಬೇಡ.

ಪಿರೋಷ್ಕಾ


ಸೆಗೆಡ್
೨೧ ಅಕ್ಟೋಬರ್

ಅತ್ತೆ,

ಆಗುತ್ತದೆ.

ನೀವು ಕೇಳಿದ್ದು ಅಷ್ಟೇ, ಆದರೆ ಸುಮ್ಮನಿರಲು ನನ್ನಿಂದಾಗದು. ಸೋಮವಾರ ಪ್ರೊಫೆಸರರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಮೇಜಿನಿಂದ ಎದ್ದು ಕಿಟಕಿಯ ಕಡೆ ತಿರುಗಿದರು. ಮುಗಿಯಿತು ಎಂದುಕೊಂಡೆ. ನೋಡಿದರೆ ಹೆಗಲು ಕುಣಿಯುತ್ತಿದೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾರೆ.

"ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದ್ರೆ ಏನಾಗುತ್ತಮ್ಮಾ?"

"ಹಾಲಿನ ಹಾಗಾಗುತ್ತೆ, ಸಾರ್."

"ಎಷ್ಟನೇ ಕ್ಲಾಸಿನ ಪಾಠ?"

"ಏಳನೇದು."

ಮತ್ತೆ ನಕ್ಕರು. ಆಮೇಲೆ ಗಂಭೀರವಾದರು. ಸುಳ್ಳು ಅಂಕಿ ಸಭೆಗೆ ಹೋಗುವ ಮೊದಲು ನೀನೇ ಹಿಡಿದೆಯಲ್ಲ, ಆದರೆ ಒಂದು ಜೀವ ಹೋಗುತ್ತಿತ್ತು, ಅದನ್ನು ಮರೆಯಬೇಡ ಎಂದರು. ಮರೆಯುವುದಿಲ್ಲ, ಅತ್ತೆ. ನನ್ನನ್ನು ಕ್ಷಮಿಸಿ. ಆ ಶನಿವಾರ ರಾತ್ರಿ ಕಳೆದದ್ದು ಹೇಗೆಂದು ನನಗೆ ಮಾತ್ರ ಗೊತ್ತು.

ವೆಂಡೆಲ್ ಮಾಮ ತಮ್ಮ ಫ್ಯಾನು ಇಟ್ಟು ಗಾಳಿ ಹೊರಹಾಕಿದ ಮೇಲೆ, ಮಂಗಳವಾರ ಅಡುಗೆ ಮಾಡುವ ಪೆಟ್ಟಿಗೆಯನ್ನು ತರಿಸಿ ಬಿಚ್ಚಿದೆವು. ಗಾಳಿ ಹಾಯುವ ಸಣ್ಣ ಕಾಲುವೆಗಳಲ್ಲೆಲ್ಲ ಬಿಳಿಯ ಉಪ್ಪು, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟಿಕೊಳ್ಳುವ ಹಾಗೆ. ಅದಕ್ಕೇ ಅಕ್ಟೋಬರ್ ಶುರುವಾದ ಮೇಲೆ ದಿನದಿಂದ ದಿನಕ್ಕೆ ಉಸಿರುಕಟ್ಟಿ ಅರ್ಧಹೊಟ್ಟೆ ತಿನ್ನುತ್ತಿತ್ತು. ಗೋಡೆ ಅದರ ಪಾಲನ್ನೂ ತಿಂದು ಕಳ್ಳತನ ಮುಚ್ಚಿಹಾಕುತ್ತಿತ್ತು! ಬೆಚ್ಚಗಿನ ನೀರು ಹಾಯಿಸಿದೆವು, ಉಪ್ಪೆಲ್ಲ ಕರಗಿ ಹೋಯಿತು, ಮತ್ತೆ ಮೊದಲಿನ ಹಾಗೆ ತಿನ್ನತೊಡಗಿತು. ಅಂದರೆ ಅಡುಗೆ ಮಾಡುವ ಪೆಟ್ಟಿಗೆಯೇ ಎರಡಿರಬೇಕು. ಒಂದು ಮೈ ತೊಳೆದುಕೊಳ್ಳುವಾಗ ಇನ್ನೊಂದು ತಿನ್ನಬೇಕು. ಪ್ರದರ್ಶನಕ್ಕೆಂದು ಗಾಜಿನ ಕಪಾಟಿನಲ್ಲಿ ಇಟ್ಟಿದ್ದ ತಮ್ಮ ಪೆಟ್ಟಿಗೆಯನ್ನೇ ಪ್ರೊಫೆಸರ್ ತೆಗೆದುಕೊಟ್ಟಿದ್ದಾರೆ. ಅದರ ಮೇಲಿನ ಹೆಸರಿನ ಫಲಕವನ್ನು ನಾನೇ ಸ್ಕ್ರೂ ಬಿಚ್ಚಿ ತೆಗೆದೆ. ಆ ಸದ್ದಿಗಿಂತ ಒಳ್ಳೆಯ ಸಂಗೀತ ಕೇಳಿಲ್ಲ.

ಅಳತೆಯ ಯಂತ್ರಕ್ಕೆ ಈಗ ಕೆಂಪು ದೀಪ. ಅದನ್ನು ಬಾಗಿಲ ಹೊರಗೆ ಕೂರಿಸುತ್ತೇನೆ, ಅಂಗಳದಿಂದಲೇ ಕಾಣುತ್ತದೆ.

ನಿಮ್ಮ
ಬೊರೋಕಾ


ಚೆರ್‌ಹೆಗಿ
೨ ನವೆಂಬರ್

ಬೊರೋಕಾ,

ನೀನು ಬಂದು ಪೆಟ್ಟಿಗೆಗಳನ್ನು ಕೂರಿಸಿ ಹೋದ ಮೇಲೆ ನನಗೆ ಹೊಸ ಕೆಲಸ ಅಂಟಿಕೊಂಡಿದೆ. ಬೆಳಿಗ್ಗೆ ಸಂಜೆ ಹೊರಗಿನ ನಲ್ಲಿಯಿಂದ ನಿನ್ನ ಪೈಪಿಗೆ ಬೆಚ್ಚಗಿನ ನೀರು ಬಿಡುತ್ತೇನೆ. ಎಳೆಗೂಸಿಗೆ ಸ್ನಾನ ಮಾಡಿಸಿದ ಹಾಗೆ. "ನನ್ ಜೇನಿಗೂ ಇಷ್ಟ್ ಸೇವೆ ಇಲ್ಲ" ಎಂದು ವೆಂಡೆಲ್ ಗೊಣಗುತ್ತಾನೆ. ಅವನಿಗೆ ನೀನು ಕೊಟ್ಟ ಆಮ್ಲದ ಸೀಸೆಯನ್ನು ಊರಿಗೆಲ್ಲ ತೋರಿಸಿ ಬಂದಿದ್ದಾನೆ, ಅದು ಬೇರೆ ಮಾತು.

ಬಿಳಿ ದ್ರಾಕ್ಷಿ ಸೋಮವಾರ ಪೀಪಾಯಿಗೆ ಬಿತ್ತು. ಚಳಿಗೆ ನಿಧಾನ ಮಾಡುತ್ತಿದೆ, ಆದರೆ ಶುರುವಾಗಿದೆ.

ನಿನ್ನೆ ಸತ್ತವರನ್ನು ನೆನೆಯುವ ದಿನ, ಎಲ್ಲರೂ ಸಮಾಧಿಗಳಿಗೆ ಹೋದೆವು. ಆಂಬ್ರುಷನಿಗೆ ಸೇವಂತಿಗೆ ಇಟ್ಟು ಮೇಣದಬತ್ತಿ ಹಚ್ಚಿದೆ. ಗುಡ್ಡದ ಗಾಳಿ ಬೀಸುತ್ತಿತ್ತು, ಆದರೂ ಆರಲಿಲ್ಲ. ಕಟ್ಟಿನಲ್ಲಿ ಒಂದು ಉಳಿದಿದೆ. ಅದನ್ನು ಎತ್ತಿಟ್ಟಿದ್ದೇನೆ.

ಮಾರ್ಟಿನನ ಹಬ್ಬದ ದಿನ ನೀನು ಬರಬೇಡ. ನೀನಿದ್ದರೆ ನಾನು ನಿನ್ನ ಮುಖ ನೋಡುತ್ತೇನೆ, ಬತ್ತಿಯನ್ನಲ್ಲ. ನಿನಗೆ ನೋವಾಗದಿರಲೆಂದು ಸುಳ್ಳು ಹೇಳಿಬಿಟ್ಟೇನು. ಹಲ್ಲಿನ ಡಾಕ್ಟರು ಅವತ್ತು ಮಧ್ಯಾಹ್ನ ಬರುತ್ತಾನಂತೆ.

ಅತ್ತೆ


ಸೆಗೆಡ್
೮ ನವೆಂಬರ್

ಅತ್ತೆ,

ಪರದೆಯ ಮುಂದೆ ಕೂತು ಬರೆಯುತ್ತಿದ್ದೇನೆ. ನಿಮ್ಮ ಬಿಳಿ ರಸ ಈಗ ಪೂರ್ತಿ ಉಕ್ಕುತ್ತಿದೆ. ಪೀಪಾಯಿಯಿಂದ ಎದ್ದ ಗಾಳಿ, ಕೊಟ್ಟ ಕರೆಂಟು, ಬಂದ ಆಮ್ಲ, ಮೂರೂ ಒಂದಕ್ಕೊಂದು ಸರಿಹೊಂದುತ್ತಿವೆ. ಒಂದಿಷ್ಟೂ ಹೆಚ್ಚಿಲ್ಲ, ಮಾಯವಿಲ್ಲ, ಹೊಸ ರೂಪವಿಲ್ಲ. ಪ್ರಪಂಚದ ಅತ್ಯಂತ ನೀರಸ ಅಂಕಿಗಳು! ನೋಡಿ ಕುಣಿದುಬಿಟ್ಟೆ. ಪ್ರೊಫೆಸರ್ ಬಂದು ಬಗ್ಗಿ ನೋಡಿ ಹ್ಞೂಂ ಎಂದರು. ಈ ಹ್ಞೂಂ ಬೇರೆ ಥರದ್ದು, ಅತ್ತೆ.

ಆದರೂ ಈ ಸಲ ಅಂಕಿಯನ್ನು ನಂಬಿ ಇಳಿಯಬೇಡಿ, ನನ್ನನ್ನು ನಂಬಿಯೂ ಬೇಡ. ಕೆಂಪು ದೀಪ ಆರಿದೆಯೇ ನೋಡಿ. ಮೊದಲು ಮೇಣದಬತ್ತಿಯನ್ನು ದಾರದಲ್ಲಿ ಇಳಿಬಿಡಿ, ಬಹಳ ಹೊತ್ತು ಕಾಯಿರಿ. ಆಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅದರ ತುದಿಯನ್ನು ವೆಂಡೆಲ್ ಮಾಮನ ಕೈಗೆ ಕೊಟ್ಟು ಇಳಿಯಿರಿ. ನಾನು ಇಲ್ಲಿ ಉಗುರು ಕಚ್ಚುತ್ತಿರುತ್ತೇನೆ.

ನಿಮ್ಮ
ಬೊರೋಕಾ


ಚೆರ್‌ಹೆಗಿ
೧೧ ನವೆಂಬರ್, ಸಂತ ಮಾರ್ಟಿನನ ದಿನ

ಬೊರೋಕಾ,

ಬರೆಯಲು ಕೈಗೆ ಸಿಕ್ಕಿದ್ದು ಹಲ್ಲಿನ ಡಾಕ್ಟರಿಗೆ ಬರೆದಿಟ್ಟಿದ್ದ ಕಾಗದ. ಅದರ ಬೆನ್ನ ಮೇಲೆ ಬರೆಯುತ್ತಿದ್ದೇನೆ. ತಿರುಗಿಸಿ ಓದಬೇಡ, ಅದರಿಂದ ಇನ್ನು ಯಾರಿಗೂ ಪ್ರಯೋಜನವಿಲ್ಲ.

ಅಕ್ಷರ ಸೊಟ್ಟಗಿದ್ದರೆ ಮೇಜಿಲ್ಲದ್ದಕ್ಕೆ. ನಿನ್ನ ಮಾವನ ಮೂರುಕಾಲಿನ ಮಣೆಯ ಮೇಲೆ ಕೂತಿದ್ದೇನೆ, ತೊಡೆಯ ಮೇಲೆ ಪೀಪಾಯಿಯ ಮುಚ್ಚಳ, ಅದರ ಮೇಲೆ ಕಾಗದ. ಹೌದು, ತಳದ ಕೋಣೆಯಲ್ಲಿ. ಮೇಣದಬತ್ತಿ ನನ್ನ ಕಾಲ ಬಳಿ ನೆಲದ ಮೇಲಿದೆ. ಈ ಬರಹವೆಲ್ಲ ಅದರ ಬೆಳಕಿನಲ್ಲೇ. ಪಕ್ಕದಲ್ಲಿ ಬಿಳಿ ರಸ ಉಕ್ಕುತ್ತಿದೆ. ಕಿವಿಗೆ ಕೇಳುವುದಿಲ್ಲ, ಪೀಪಾಯಿಗೆ ಅಂಗೈ ಇಟ್ಟರೆ ಒಳಗಿನ ಗುಳುಗುಳು ಗೊತ್ತಾಗುತ್ತದೆ.

ನೀನು ಹೇಳಿದ ಹಾಗೆಯೇ ಎಲ್ಲ ಮಾಡಿದೆ. ಸೊಂಟಕ್ಕೆ ಹಗ್ಗವಿದೆ, ಹಸುವಿನ ಹಾಗೆ. ವೆಂಡೆಲ್ ಮೇಲಿನಿಂದ ಆಗಾಗ ಎಳೆಯುತ್ತಾನೆ, ನಾನು ತಿರುಗಿ ಎಳೆಯುತ್ತೇನೆ, ಅಂದರೆ ಬದುಕಿದ್ದೇನೆ ಎಂದು. ಈಗ ಎಳೆದದ್ದು ಜೋರಾಯಿತು, ಹಬ್ಬಕ್ಕೆಂದು ಇಟ್ಟ ಬಾತುಕೋಳಿ ಒಲೆಯಲ್ಲಿ ಸೀಯುತ್ತಿರಬೇಕು. ಸೀಯಲಿ.

ನಳಿಗೆ ಅಲ್ಲೇ ಇತ್ತು. ವೆಂಡೆಲ್ ಸುಣ್ಣ ಹೊಡೆಯುವಾಗ ಅದನ್ನು ತೆಗೆಯದೆ ಸುತ್ತಲೂ ಹೊಡೆದಿದ್ದಾನೆ. ತೆಗೆದೆ, ಗೋಡೆಯ ಮೇಲೆ ಅದರ ಆಕಾರದ ಹಳೆಯ ಬಣ್ಣ ಉಳಿದಿದೆ. ಮೇಲೆ ಕೊಟ್ಟು ತೊಳೆಸಿ, ಮತ್ತೆ ಇಳಿಸಿಕೊಂಡು, ಕಾದರ್ಕಾ ಪೀಪಾಯಿಯಿಂದ ಎರಡು ಲೋಟ ಹೀರಿ ತೆಗೆದೆ. ಒಂದು ನನಗೆ. ಇನ್ನೊಂದು ಎದುರಿಗಿದೆ. ಹೊಸ ವೈನ್ ಸ್ವಲ್ಪ ಹುಳಿ, ಆದರೆ ಸುಳ್ಳಿಲ್ಲ. ಆಂಬ್ರುಷನ ಹತ್ತಿರ ಆಡಬೇಕಿದ್ದ ಎರಡು ಮಾತು ಆಡಿ ಮುಗಿಸಿದೆ. ಮೊದಲನೆಯದು ಬೈಗುಳ. ಎರಡನೆಯದನ್ನು ನಿನಗೆ ಬರೆಯುವುದಿಲ್ಲ.

ಹಲ್ಲಿನ ಡಾಕ್ಟರು ಬಂದರೆ ಅವನಿಗೂ ಒಂದು ಲೋಟ ಕೊಟ್ಟು ಕಳಿಸುತ್ತೇನೆ. ಬೀಗದಕೈ ನನ್ನ ಜೇಬಿನಲ್ಲಿದೆ. ಮುಂದಿನ ಸುಗ್ಗಿಗೆ ಪೆಟ್ಟಿಗೆ ಬೇಕೇ ಬೇಕು ಎಂದು ನಿನ್ನ ಪ್ರೊಫೆಸರರಿಗೆ ನಾನೇ ಬರೆಯುತ್ತೇನೆ, ಆ ಮನುಷ್ಯ ಹ್ಞೂಂ ಎನ್ನದೆ ಹೂಂ ಎನ್ನುವ ಹಾಗೆ.

ಇನ್ನು ನಿಲ್ಲಿಸುತ್ತೇನೆ, ಬೆಳಕು ಕಡಿಮೆಯಾಗುತ್ತಿದೆ. ಹೆದರಬೇಡ. ಮೇಣದಬತ್ತಿ ಆರುತ್ತಿಲ್ಲ, ಬೊರೋಕಾ. ಕೊನೆಯವರೆಗೂ ಉರಿದು ಮುಗಿಯುತ್ತಿದೆ.

ನಿನ್ನ
ಪಿರೋಷ್ಕಾ ಅತ್ತೆ